ಪಂದ್ಯ ಹೆಚ್ಚಿಸಿದಿರಿ, ತಯಾರಿಗೆ ದಿನ ಎಲ್ಲಿ? ಫಿಫಾಗೂ ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

2026ರ ವಿಶ್ವಕಪ್ ಜೂನ್ 11ರಂದು ಮೆಕ್ಸಿಕೊ ಸಿಟಿಯಲ್ಲಿ ಶುರುವಾಗಲಿದೆ. 48 ತಂಡ, 104 ಪಂದ್ಯ, 39 ದಿನ. ಕತಾರ್‌ನಲ್ಲಿ 2022ರಲ್ಲಿ ಇದ್ದದ್ದು 32 ತಂಡ, 64 ಪಂದ್ಯ, 29 ದಿನ. ಆಗ ಫೈನಲ್‌ವರೆಗೆ ಹೋದ ತಂಡ 7 ಪಂದ್ಯ ಆಡಿತ್ತು, ಈಗ 8 ಆಡಬೇಕು. ತಂಡ ಜಾಸ್ತಿಯಾಯಿತು, ಪಂದ್ಯ ಜಾಸ್ತಿಯಾಯಿತು, ಹಣವೂ ಜಾಸ್ತಿಯಾಯಿತು. ಅದಕ್ಕೆ ತಕ್ಕಂತೆ ತಯಾರಿಯ ದಿನಗಳು ಮಾತ್ರ ಜಾಸ್ತಿಯಾಗಲಿಲ್ಲ.

ನಾನು ಕೇಳುತ್ತಿರುವುದು ಒಂದೇ. ದೊಡ್ಡ ಟೂರ್ನಿಗೆ ಹೋಗುವ ಪ್ರತಿ ಆಟಗಾರನಿಗೂ, ಪ್ರತಿ ಆಟಗಾರ್ತಿಗೂ ಕ್ಲಬ್‌ನ ಕೊನೆಯ ಪಂದ್ಯ ಮತ್ತು ದೇಶದ ಮೊದಲ ಪಂದ್ಯದ ನಡುವೆ ನಾಲ್ಕು ವಾರ ಕೊಡಿ. ಮೊದಲ ವಾರ ಮನೆಯಲ್ಲಿ ಕಳೆಯಲಿ, ಉಳಿದ ಮೂರು ವಾರ ಕ್ಯಾಂಪಿನಲ್ಲಿ. ಇದನ್ನು ನಿಯಮವಾಗಿ ಬರೆಯಿರಿ. ಒಮ್ಮೆ ಬರೆದ ಮೇಲೆ ಯಾರ ಒತ್ತಡ ಬಂದರೂ ಬದಲಿಸಬೇಡಿ.

ಕ್ಯಾಂಪಿನ ಮೊದಲ ದಿನ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಆದರೆ ಈ ಪತ್ರವನ್ನು ಬೇರೆಯವರೂ ಓದುತ್ತಾರೆ, ಹಾಗಾಗಿ ಹೇಳುತ್ತೇನೆ. 26 ಜನ ಬರುತ್ತಾರೆ, ಹದಿನೈದಿಪ್ಪತ್ತು ಕ್ಲಬ್‌ಗಳಿಂದ. ಒಬ್ಬನ ಲೀಗ್ ಮುಗಿದು ಎಷ್ಟೋ ದಿನವಾಗಿದೆ, ಕಾಲು ತುಸು ಜಡವಾಗಿದೆ. ಇನ್ನೊಬ್ಬ ಮೊನ್ನೆ ತಾನೇ ಕಪ್ ಫೈನಲ್ ಆಡಿ ಬಂದಿದ್ದಾನೆ, ತೊಡೆಯ ಸ್ನಾಯು ಬಿಗಿದಿದೆ. ಮತ್ತೊಬ್ಬ ಜನವರಿಯಿಂದ ಬೆಂಚಿನ ಮೇಲೇ ಕೂತಿದ್ದಾನೆ. ಇವರಿಗೆಲ್ಲ ಒಂದೇ ಥರದ ಅಭ್ಯಾಸ ಕೊಡಲು ಆಗುವುದಿಲ್ಲ. ಫಿಟ್‌ನೆಸ್ ಕೋಚ್ ಎಲ್ಲರಿಗೂ ಜಿಪಿಎಸ್ ಬನಿಯನ್ ಹಾಕಿಸಿ ಯಾರು ಎಷ್ಟು ಓಡಿದರು, ಎಷ್ಟು ಸಲ ಜೋರಾಗಿ ಓಡಿದರು ಅಂತ ಲೆಕ್ಕ ನೋಡುತ್ತಾನೆ. ಒಬ್ಬನನ್ನು ಅರ್ಧಕ್ಕೇ ಮೈದಾನದಿಂದ ಹೊರಗೆ ಕರೆದು ಸೈಕಲ್ ತುಳಿಸುತ್ತಾನೆ. ಇನ್ನೊಬ್ಬನಿಗೆ ಎಲ್ಲರೂ ಹೋದ ಮೇಲೂ ಓಟ ಬಾಕಿ ಇರುತ್ತದೆ. ಇವರನ್ನೆಲ್ಲ ಒಂದು ಮಟ್ಟಕ್ಕೆ ತರುವುದರಲ್ಲೇ ಮೊದಲ ಕೆಲವು ದಿನ ಹೋಗಿಬಿಡುತ್ತವೆ.

ಕೋಚ್‌ನ ನಿಜವಾದ ಕೆಲಸ ಶುರುವಾಗುವುದು ಅದಾದ ಮೇಲೆ. ಚೆಂಡು ಕೈತಪ್ಪಿದ ಕೂಡಲೇ ಯಾರು ಮುನ್ನುಗ್ಗಬೇಕು, ಯಾರು ಹಿಂದೆ ಉಳಿಯಬೇಕು? ರಕ್ಷಣೆಯ ಸಾಲು ಎಷ್ಟು ಮೇಲೆ ನಿಲ್ಲಬೇಕು? ಎದುರಾಳಿ ಕಾರ್ನರ್ ಕಿಕ್ ಹೊಡೆಯುವಾಗ ಹತ್ತಿರದ ಗೋಲ್‌ಕಂಬದ ಬಳಿ ಯಾರು? ಪೆನಾಲ್ಟಿ ಶೂಟೌಟ್ ಬಂದರೆ ಐದನೆಯವನು ಯಾರು? ಕ್ಲಬ್ ಕೋಚ್‌ಗೆ ಇದನ್ನೆಲ್ಲ ತಿದ್ದಿ ತೀಡಲು ಇಡೀ ಋತು ಇರುತ್ತದೆ. ದೇಶದ ಕೋಚ್‌ಗೆ ವರ್ಷದಲ್ಲಿ ಸಿಗುವುದು ಕ್ಲಬ್ ಪಂದ್ಯಗಳು ನಿಲ್ಲುವ ಕೆಲವೇ ಬಿಡುವುಗಳು. ಒಂದೊಂದರಲ್ಲೂ ಎರಡು ಪಂದ್ಯ, ನಡುವೆ ವಿಮಾನ ಪ್ರಯಾಣ. ಅಭ್ಯಾಸ ಅಂತ ನಡೆಯುವುದು ಎರಡೋ ಮೂರೋ ದಿನ. ಹಾಗಾಗಿ ಟೂರ್ನಿಗೆ ಮುಂಚಿನ ವಾರಗಳು ಆತನಿಗೆ ಸಿಗುವ ಏಕೈಕ ದೊಡ್ಡ ಅವಕಾಶ. ಅದನ್ನೇ ಕಿತ್ತುಕೊಂಡರೆ ಹೇಗೆ?

ಸಮಯ ಸಿಕ್ಕರೆ ಏನಾಗುತ್ತದೆ, ಸಿಗದಿದ್ದರೆ ಏನಾಗುತ್ತದೆ ಎಂಬುದು ಒಂದೇ ಮೈದಾನದಲ್ಲಿ ಒಂದೇ ಸಂಜೆ ಕಂಡಿತ್ತು. 2002ರ ಮೇ 26, ದಕ್ಷಿಣ ಕೊರಿಯಾದ ಸುವೊನ್. ಕೊರಿಯಾ ಮತ್ತು ಫ್ರಾನ್ಸ್ ನಡುವೆ ಸೌಹಾರ್ದ ಪಂದ್ಯ, ವಿಶ್ವಕಪ್‌ಗೆ ಇನ್ನು ಐದೇ ದಿನ. ಕೊರಿಯಾ 2001ರಲ್ಲಿ ಇದೇ ಫ್ರಾನ್ಸ್ ಎದುರು 0-5ರಿಂದ ಸೋತಿತ್ತು. ಜೆಕ್ ಗಣರಾಜ್ಯದ ಎದುರೂ ಅದೇ 0-5. ಕೋಚ್ ಗುಸ್ ಹಿಡಿಂಕ್ ಮೇಲೆ ಟೀಕೆಯ ಮಳೆಯೇ ಸುರಿದಿತ್ತು. ಆದರೆ ಅಲ್ಲಿನ ಕ್ಲಬ್‌ಗಳು ಆಟಗಾರರನ್ನು ರಾಷ್ಟ್ರೀಯ ತಂಡಕ್ಕೆ ದೀರ್ಘ ಕಾಲ ಬಿಟ್ಟುಕೊಟ್ಟಿದ್ದವು. ಹಿಡಿಂಕ್ ಅವರನ್ನು ಓಡಿಸಿ ಓಡಿಸಿ ಗಟ್ಟಿ ಮಾಡಿದ್ದರು. ಆ ಸಂಜೆ ವಿಶ್ವ ಚಾಂಪಿಯನ್ನರ ಎದುರು ಕೊರಿಯಾ ಸೋತದ್ದು 2-3ರಿಂದ. ಮುಂದೆ ವಿಶ್ವಕಪ್‌ನಲ್ಲಿ ಸೆಮಿಫೈನಲ್ ತಲುಪಿತು. ತವರಿನ ಬೆಂಬಲ ಇತ್ತು, ಇಟಲಿ ಮತ್ತು ಸ್ಪೇನ್ ಎದುರಿನ ಪಂದ್ಯಗಳಲ್ಲಿ ರೆಫರಿ ತೀರ್ಪಿನ ಬಗ್ಗೆ ಇವತ್ತಿಗೂ ತಕರಾರಿದೆ, ನಿಜ. ಆದರೆ ಎರಡು ಗಂಟೆ ಹೊತ್ತು ಹಾಗೆ ಓಡುವ ಶಕ್ತಿಯನ್ನು ಯಾವ ರೆಫರಿಯೂ ಕೊಡಲಾರ.

ಅತ್ತ ಫ್ರಾನ್ಸ್. ಜಿನೆದಿನ್ ಜಿದಾನ್ ಮೇ 15ರಂದು ಗ್ಲಾಸ್ಗೋದಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ್ದರು. ಅವರ ಆ ಎಡಗಾಲಿನ ವಾಲಿ ಗೋಲನ್ನು ಯಾರು ಮರೆಯುತ್ತಾರೆ? ಹನ್ನೊಂದು ದಿನ ಕಳೆದು ಸುವೊನ್‌ನಲ್ಲಿ ಅವರ ತೊಡೆ ಕೈಕೊಟ್ಟಿತು. ಮೊದಲ ಎರಡು ಪಂದ್ಯಗಳಿಗೆ ಜಿದಾನ್ ಇಲ್ಲ. ಮೂರನೆಯದಕ್ಕೆ ತೊಡೆಗೆ ಪಟ್ಟಿ ಸುತ್ತಿಕೊಂಡು ಇಳಿದರು, ನೋಡಲು ಸಂಕಟವಾಗುತ್ತಿತ್ತು. ಸೆನೆಗಲ್ ಎದುರು 0-1, ಉರುಗ್ವೆ ಎದುರು 0-0, ಡೆನ್ಮಾರ್ಕ್ ಎದುರು 0-2. ಒಂದೇ ಒಂದು ಗೋಲಿಲ್ಲದೆ ಹಾಲಿ ಚಾಂಪಿಯನ್ನರು ಮನೆಗೆ ಹೋದರು. ಆ ತಂಡದಲ್ಲಿ ತಿಯೆರಿ ಆನ್ರಿ ಇದ್ದರು, ಡೇವಿಡ್ ಟ್ರೆಜೆಗೆ ಇದ್ದರು. ಪ್ರತಿಭೆಗೇನೂ ಕೊರತೆ ಇರಲಿಲ್ಲ, ಅಲ್ವಾ? ಗಾಯಕ್ಕೆ ದಣಿವೊಂದೇ ಕಾರಣ ಅಂತ ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಇಡೀ ಋತು ಆಡಿದ ದೇಹಕ್ಕೆ ಹನ್ನೊಂದನೇ ದಿನವೇ ಮತ್ತೊಂದು ಪಂದ್ಯ ಬೇಕಿತ್ತಾ ಅಂತ ಕೇಳಬಹುದಲ್ಲ?

ಇಪ್ಪತ್ತು ವರ್ಷ ಕಳೆದು 2022ರಲ್ಲಿ ನೀವು ಇದನ್ನು ಇನ್ನೂ ಬಿಗಿ ಮಾಡಿದಿರಿ. ಯುರೋಪಿನ ದೊಡ್ಡ ಲೀಗ್‌ಗಳು ನವೆಂಬರ್ 13ರವರೆಗೆ ಆಡಿದವು. ನವೆಂಬರ್ 20ಕ್ಕೆ ವಿಶ್ವಕಪ್ ಶುರು. ನಡುವೆ ಒಂದು ವಾರ! ಸಾದಿಯೊ ಮಾನೆ ನವೆಂಬರ್ 8ರಂದು ಕ್ಲಬ್ ಪಂದ್ಯದಲ್ಲಿ ಗಾಯಗೊಂಡು ಸೆನೆಗಲ್ ತಂಡದಿಂದ ಹೊರಬಿದ್ದರು. ಸನ್ ಹ್ಯೂಂಗ್ ಮಿನ್ ಕಣ್ಣಿನ ಸುತ್ತಲ ಮೂಳೆ ಮುರಿದುಕೊಂಡು ಕಪ್ಪು ಮುಖವಾಡ ಹಾಕಿಕೊಂಡು ಆಡಿದರು. ಕ್ರಿಸ್ಟೋಫರ್ ಎನ್‌ಕುಂಕು ಫ್ರಾನ್ಸ್ ತಂಡದ ಅಭ್ಯಾಸದಲ್ಲೇ ಗಾಯಗೊಂಡರು. ಕರೀಂ ಬೆಂಜೆಮಾ ಟೂರ್ನಿ ಶುರುವಾಗುವ ಹಿಂದಿನ ದಿನ ತಂಡದಿಂದ ಹೊರಬಿದ್ದರು. ಬೇಸಿಗೆಯ ವಿಶ್ವಕಪ್ ಆಗಿದ್ದರೆ ಗಾಯ ಮಾಯಲು ಇನ್ನಷ್ಟು ದಿನ ಸಿಗುತ್ತಿತ್ತು. ಅಲ್ಲಿ ಇದ್ದದ್ದು ಆ ಒಂದೇ ವಾರ.

ಅದೇ ಟೂರ್ನಿಯಲ್ಲಿ ಸೌದಿ ಅರೇಬಿಯಾ ಏನು ಮಾಡಿತು ನೋಡಿ. ಅದರ 26 ಆಟಗಾರರೂ ತವರಿನ ಲೀಗ್‌ನವರು. ಲೀಗನ್ನು ಅಕ್ಟೋಬರ್‌ನಲ್ಲೇ ನಿಲ್ಲಿಸಿ ಆಟಗಾರರನ್ನು ಅಬುಧಾಬಿಯ ಕ್ಯಾಂಪಿಗೆ ಕಳಿಸಿದರು. ಸತತ 36 ಪಂದ್ಯ ಸೋಲದೆ ಬಂದಿದ್ದ ಅರ್ಜೆಂಟೀನಾದ ಎದುರು ಆ ತಂಡ ರಕ್ಷಣೆಯ ಸಾಲನ್ನು ಎಷ್ಟು ಮೇಲಕ್ಕೆ ತಂದು ನಿಲ್ಲಿಸಿತೆಂದರೆ, ಅರ್ಜೆಂಟೀನಾದ ಮುಂಪಡೆ ಮತ್ತೆ ಮತ್ತೆ ಆಫ್‌ಸೈಡ್ (ಪಾಸ್ ಬರುವ ಮೊದಲೇ ರಕ್ಷಣೆಯ ಸಾಲು ದಾಟಿ ನಿಂತ ತಪ್ಪು) ಬಲೆಗೆ ಬಿತ್ತು. ನಾಲ್ವರು ಡಿಫೆಂಡರ್‌ಗಳು ಒಂದೇ ಕ್ಷಣಕ್ಕೆ ಒಂದೇ ಹೆಜ್ಜೆ ಮುಂದಿಡಬೇಕು. ಒಬ್ಬ ಅರೆಕ್ಷಣ ತಡ ಮಾಡಿದರೂ ಗೋಲು. ಇದು ಸುಮ್ನೆ ಬರುವ ವಿದ್ಯೆಯಲ್ಲ, ವಾರಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿದರೆ ಮಾತ್ರ ಬರುತ್ತದೆ. ಸೌದಿ 2-1ರಿಂದ ಗೆದ್ದಿತು. ಕಡೆಗೆ ಕಪ್ ಎತ್ತಿದ್ದು ಅರ್ಜೆಂಟೀನಾವೇ, ಅದನ್ನು ಮರೆತಿಲ್ಲ. ಆದರೆ ಆ ತಂಡ ತನ್ನ ಸರಿಯಾದ ಹನ್ನೊಂದು ಜನರನ್ನು ಕಂಡುಕೊಂಡದ್ದು ಟೂರ್ನಿ ಆಡುತ್ತಾ ಆಡುತ್ತಾ. ಎಲ್ಲ ತಂಡಗಳಿಗೂ ಆ ಅದೃಷ್ಟ ಇರುವುದಿಲ್ಲ. ಗುಂಪು ಹಂತದಲ್ಲಿ ಇರುವುದು ಮೂರೇ ಪಂದ್ಯ.

ಕತಾರ್‌ನದ್ದು ಒಂದು ಸಲದ ವಿಚಾರ ಅಂತ ಆಗ ಎಲ್ಲರೂ ಸಮಾಧಾನ ಮಾಡಿಕೊಂಡರು. ಆಮೇಲೆ ಆಫ್ರಿಕಾ ಕಪ್ ಬಂತು. 2025ರ ಡಿಸೆಂಬರ್ 21ರಂದು ಮೊರಾಕ್ಕೊದಲ್ಲಿ ಶುರುವಾದ ಆ ಟೂರ್ನಿಗೆ ಕ್ಲಬ್‌ಗಳು ಡಿಸೆಂಬರ್ 8ರಿಂದ ಆಟಗಾರರನ್ನು ಬಿಡಬೇಕಿತ್ತು. ನೀವು ಟೂರ್ನಿ ಹತ್ತಿರ ಬಂದಾಗ ಆ ದಿನವನ್ನು 15ಕ್ಕೆ ಮುಂದೂಡಿದಿರಿ. ಕೋಚ್‌ಗಳು ಕ್ಯಾಂಪ್ ಗೊತ್ತು ಮಾಡಿಯಾಗಿತ್ತು, ಸೌಹಾರ್ದ ಪಂದ್ಯಗಳಿಗೆ ಒಪ್ಪಂದ ಆಗಿತ್ತು. ಎಲ್ಲ ತಲೆಕೆಳಗಾಯಿತು. ಒಂದು ಇಡೀ ಖಂಡದ ಚಾಂಪಿಯನ್‌ಷಿಪ್‌ಗೆ ಆರು ದಿನದ ತಯಾರಿ! ಯುರೋ ಕಪ್‌ಗೆ ಹೀಗೆ ಮಾಡಲು ನಿಮಗೆ ಧೈರ್ಯ ಬರುತ್ತಿತ್ತಾ? ನನಗೆ ಈ ವಿಷಯದಲ್ಲಿ ನಿಜವಾಗಿಯೂ ಸಿಟ್ಟಿದೆ. ಬರೆದ ನಿಯಮವನ್ನು ಕೊನೇ ಗಳಿಗೆಯಲ್ಲಿ ಅಳಿಸಬಹುದು ಅಂತಾದರೆ, ಅದನ್ನು ನಂಬಿ ಯಾವ ಕೋಚ್ ಯೋಜನೆ ಹಾಕಬೇಕು?

ಡೆನ್ಮಾರ್ಕ್ ಕಥೆಯನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. 1992ರಲ್ಲಿ ಯುಗೊಸ್ಲಾವಿಯಾವನ್ನು ಹೊರಗಿಟ್ಟಾಗ, ಯುರೋ ಕಪ್‌ಗೆ ಸುಮಾರು ಹತ್ತು ದಿನ ಇರುವಾಗ ಡೆನ್ಮಾರ್ಕ್‌ಗೆ ಕರೆ ಬಂತು. ಫೈನಲ್‌ನಲ್ಲಿ ಜರ್ಮನಿಯನ್ನು 2-0ರಿಂದ ಮಣಿಸಿ ಕಪ್ ಗೆದ್ದರು. ಹಾಗಾದರೆ ತಯಾರಿ ಯಾಕೆ ಬೇಕು? ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಆಟಗಾರರು ಒಂದು ಸೌಹಾರ್ದ ಪಂದ್ಯಕ್ಕಾಗಿ ಅದಾಗಲೇ ಒಟ್ಟು ಸೇರುತ್ತಿದ್ದರು. ಅರ್ಹತಾ ಸುತ್ತನ್ನೂ ಜೊತೆಯಲ್ಲೇ ಆಡಿದ್ದರು. ಆಗ ಯುರೋ ಕಪ್‌ನಲ್ಲಿ ಇದ್ದದ್ದು ಎಂಟೇ ತಂಡ, ಗೆಲ್ಲಲು ಆಡಬೇಕಿದ್ದದ್ದು ಐದೇ ಪಂದ್ಯ. ಮೂವತ್ತು ವರ್ಷಕ್ಕೂ ಹಿಂದೆ ಒಮ್ಮೆ ನಡೆದ ಅಚ್ಚರಿಯನ್ನು ತೋರಿಸಿ ಇವತ್ತಿನ 48 ತಂಡಗಳ ಬಾಯಿ ಮುಚ್ಚಿಸಬೇಡಿ.

2026ಕ್ಕೆ ಮೇ 25ರಿಂದ ಆಟಗಾರರನ್ನು ಬಿಡಬೇಕು ಅಂತ ನೀವು ಗೊತ್ತು ಮಾಡಿದ್ದೀರಿ. ಕತಾರ್‌ಗಿಂತ ಎಷ್ಟೋ ವಾಸಿ. ಅಲ್ಲಿಂದ ಮೊದಲ ಪಂದ್ಯಕ್ಕೆ 17 ದಿನ. ಆದರೆ ಚಾಂಪಿಯನ್ಸ್ ಲೀಗ್ ಫೈನಲ್ ಇರುವುದು ಮೇ 30ರಂದು ಬುಡಾಪೆಸ್ಟ್‌ನಲ್ಲಿ. ಅಲ್ಲಿ ಆಡಿದವರಿಗೆ ಜೂನ್ 11ಕ್ಕೆ ಉಳಿಯುವುದು 12 ದಿನ. ಇದೇ ಆಟಗಾರರಲ್ಲಿ ಹಲವರಿಗೆ ಹಿಂದಿನ ಬೇಸಿಗೆಯೂ ಸಿಕ್ಕಿಲ್ಲ. 2025ರ ಜುಲೈ 13ರವರೆಗೆ ನಿಮ್ಮದೇ ಕ್ಲಬ್ ವಿಶ್ವಕಪ್ ನಡೆಯಿತು. ಅದರ ಫೈನಲ್ ಆಡಿದ ಪ್ಯಾರಿಸ್ ಸೇಂಟ್ ಜರ್ಮೇನ್ ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 13ರಂದು, ಯುರೋಪಿಯನ್ ಸೂಪರ್ ಕಪ್‌ಗೆ ಇಳಿಯಬೇಕಾಯಿತು. ಋತು ಮುಗಿದ ಮೇಲೆ ಕನಿಷ್ಠ 28 ದಿನ ಪೂರ್ತಿ ರಜೆ ಕೊಡಿ ಅಂತ ಆಟಗಾರರ ಸಂಘ ಫಿಫ್‌ಪ್ರೊ ಕೇಳುತ್ತಲೇ ಬಂದಿದೆ. 2024ರ ಅಕ್ಟೋಬರ್‌ನಲ್ಲಿ ಅದರ ಯುರೋಪ್ ಘಟಕ ಅಲ್ಲಿನ ಲೀಗ್‌ಗಳ ಜೊತೆ ಸೇರಿ ಯುರೋಪಿಯನ್ ಕಮಿಷನ್‌ಗೆ ದೂರನ್ನೂ ಕೊಟ್ಟಿತು. ದುಡಿಯುವವರೇ ದೂರು ಕೊಡುವ ಮಟ್ಟಕ್ಕೆ ಬಂದಿದೆ ಅಂದರೆ ಯೋಚಿಸಬೇಕಲ್ಲವೇ?

ಬಿಸಿಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದೇ ಕ್ಲಬ್ ವಿಶ್ವಕಪ್‌ನಲ್ಲಿ, ಜೂನ್ 21ರಂದು ಸಿನ್ಸಿನಾಟಿಯಲ್ಲಿ, ಡಾರ್ಟ್‌ಮಂಡ್ ತಂಡದ ಬದಲಿ ಆಟಗಾರರು ಮೊದಲಾರ್ಧ ಮುಗಿಯುವವರೆಗೂ ಬೆಂಚಿನ ಮೇಲೆ ಕೂರಲಿಲ್ಲ. ಡ್ರೆಸಿಂಗ್ ರೂಮಿನೊಳಗೆ ಕೂತು ಟಿವಿಯಲ್ಲಿ ಪಂದ್ಯ ನೋಡಿದರು. ಸುಮ್ಮನೆ ಕೂರುವುದಕ್ಕೇ ಆಗದ ಬಿಸಿಲಿನಲ್ಲಿ ಹನ್ನೊಂದು ಜನ ಓಡುತ್ತಿದ್ದರು. 2026ರಲ್ಲಿ ಪ್ರತಿ ಅರ್ಧದಲ್ಲೂ ಮೂರು ನಿಮಿಷ ನೀರಿನ ವಿರಾಮ ಇರುತ್ತದೆ ಅಂತ ನೀವು ಪ್ರಕಟಿಸಿದ್ದೀರಿ. ಒಳ್ಳೆಯದೇ. ಆದರೆ ದೇಹ ಬಿಸಿಲಿಗೆ ಒಗ್ಗಿಕೊಳ್ಳುವುದು ವಿರಾಮದಿಂದಲ್ಲ. ಅದೇ ಥರದ ಹವೆಯಲ್ಲಿ ಹತ್ತು ಹದಿನಾಲ್ಕು ದಿನ ನಿತ್ಯ ಅಭ್ಯಾಸ ಮಾಡಬೇಕು. ಆಗ ಬೆವರು ಬೇಗ ಬರುತ್ತದೆ, ಎದೆಬಡಿತ ಹತೋಟಿಗೆ ಬರುತ್ತದೆ. ಮೆಕ್ಸಿಕೊ ಸಿಟಿಯ ಮೈದಾನವೋ ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಎತ್ತರದಲ್ಲಿದೆ. ಅಲ್ಲಿನ ತೆಳುಗಾಳಿಗೂ ಇದೇ ರೀತಿ ಒಗ್ಗಬೇಕು. 17 ದಿನದಲ್ಲಿ ವಿಶ್ರಾಂತಿ, ಪ್ರಯಾಣ, ಎರಡು ಸೌಹಾರ್ದ ಪಂದ್ಯ ಕಳೆದು ನೋಡಿ. ಈ ಒಗ್ಗಿಕೊಳ್ಳುವುದಕ್ಕೆ ಎಷ್ಟು ದಿನ ಉಳಿಯಿತು?

ಇನ್ನು ರಾಷ್ಟ್ರೀಯ ಸಂಸ್ಥೆಗಳಿಗೆ. ಫಿಫಾವನ್ನು ಬೈದರೆ ನಿಮಗೆ ಖುಷಿಯಾಗಬಹುದು. ಆದರೆ ಸಿಕ್ಕ ದಿನಗಳನ್ನು ಹಾಳು ಮಾಡುವವರಲ್ಲಿ ನೀವೂ ಇದ್ದೀರಿ.

2014ರಲ್ಲಿ ಘಾನಾ ಆಟಗಾರರು ಬ್ರೆಜಿಲ್‌ನಲ್ಲಿ ಅಭ್ಯಾಸ ಬಿಟ್ಟು ಕೂತರು. ಕೊಡುತ್ತೇವೆಂದ ಹಣ ಬಂದಿರಲಿಲ್ಲ. ಕಡೆಗೆ ಸರ್ಕಾರ 30 ಲಕ್ಷ ಡಾಲರ್‌ಗೂ ಹೆಚ್ಚು ನಗದನ್ನು ವಿಮಾನದಲ್ಲಿ ಕಳಿಸಿತು. ನೋಟಿನ ಕಟ್ಟುಗಳು ವಿಮಾನ ನಿಲ್ದಾಣದಿಂದ ಆಟಗಾರರ ಹೋಟೆಲಿಗೆ ಹೋದವು. ಒಬ್ಬ ಡಿಫೆಂಡರ್ ಆ ನೋಟಿನ ಕಟ್ಟಿಗೆ ಮುತ್ತಿಟ್ಟ ದೃಶ್ಯವನ್ನು ಜಗತ್ತೇ ನೋಡಿತು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಕೊಟ್ಟ ಮಾತಿನ ಮೇಲೆ ಅಷ್ಟೊಂದು ಅಪನಂಬಿಕೆ ಹುಟ್ಟುವ ಹಾಗೆ ನಡೆಸಿಕೊಂಡವರು ಯಾರು? ಪೋರ್ಚುಗಲ್ ಎದುರು 1-2ರಿಂದ ಸೋತು ತಂಡ ಹೊರಬಿತ್ತು. ಅದೇ ವರ್ಷ ಕ್ಯಾಮರೂನ್ ಆಟಗಾರರು ಬೋನಸ್ ವಿಚಾರಕ್ಕೆ ವಿಮಾನ ಹತ್ತಲು ಒಪ್ಪಲಿಲ್ಲ. ತಡವಾಗಿ ಹೋಗಿ ಮೂರೂ ಪಂದ್ಯ ಸೋತರು. 2006ರಲ್ಲಿ ಟೋಗೊದ ಕೋಚ್ ಮೊದಲ ಪಂದ್ಯಕ್ಕೆ ಕೆಲವೇ ದಿನ ಇರುವಾಗ ಇದೇ ಜಗಳಕ್ಕೆ ತಂಡ ಬಿಟ್ಟು ಹೋಗಿ ಮತ್ತೆ ಬಂದರು.

ಮಹಿಳಾ ತಂಡಗಳ ಸ್ಥಿತಿ ಇನ್ನೂ ಬೇಸರದ್ದು. 2023ರ ವಿಶ್ವಕಪ್‌ಗೆ ಮುಂಚೆ ಜಮೈಕಾ ತಂಡದ ತಯಾರಿಗೆ ಆಟಗಾರ್ತಿಯೊಬ್ಬರ ತಾಯಿ ಆನ್‌ಲೈನ್‌ನಲ್ಲಿ ಜನರಿಂದ ಚಂದಾ ಎತ್ತಬೇಕಾಯಿತು. ಆ ಹೆಣ್ಣುಮಕ್ಕಳು ಫ್ರಾನ್ಸ್ ಮತ್ತು ಬ್ರೆಜಿಲ್ ಎರಡರ ಎದುರೂ 0-0 ಡ್ರಾ ಮಾಡಿಕೊಂಡು, ಗುಂಪು ಹಂತದಲ್ಲಿ ಒಂದೂ ಗೋಲು ಬಿಟ್ಟುಕೊಡದೆ ನಾಕೌಟ್ ತಲುಪಿದರು. ಅವರ ಸಾಧನೆ ನೋಡಿ ‘ಹಣ ಇಲ್ಲದಿದ್ದರೂ ನಡೆಯುತ್ತದೆ’ ಅನ್ನಬೇಡಿ. ಸರಿಯಾದ ಕ್ಯಾಂಪ್ ಸಿಕ್ಕಿದ್ದರೆ ಅವರು ಇನ್ನೆಲ್ಲಿಗೆ ಹೋಗುತ್ತಿದ್ದರೋ ಏನೋ.

ಎಲ್ಲ ಸಂಸ್ಥೆಗಳ ಕಷ್ಟವೂ ಒಂದೇ ಥರದ್ದಲ್ಲ, ಅದೂ ಗೊತ್ತು. ಹೈಟಿ 1974ರ ನಂತರ ಇದೇ ಮೊದಲ ಸಲ ವಿಶ್ವಕಪ್‌ಗೆ ಬಂದಿದೆ. ತಾಯ್ನಾಡಿನ ಹಿಂಸೆಯಿಂದಾಗಿ ತವರಿನ ಪಂದ್ಯಗಳನ್ನು ಕುರಾಸಾವ್ ದ್ವೀಪದಲ್ಲಿ ಆಡಿತು. ತಂಡ ಅರ್ಹತೆ ಪಡೆದಾಗ ಕೋಚ್ ಸೆಬಾಸ್ಟಿಯನ್ ಮಿನ್ಯೆ ಆ ದೇಶದ ನೆಲವನ್ನೇ ಇನ್ನೂ ಮೆಟ್ಟಿರಲಿಲ್ಲ. ಗುಂಪಿನಲ್ಲಿ ಬ್ರೆಜಿಲ್, ಮೊರಾಕ್ಕೊ, ಸ್ಕಾಟ್ಲೆಂಡ್ ಇವೆ. ಇಂಥ ತಂಡಕ್ಕೆ ಒಂದೊಂದು ದಿನವೂ ಮುಖ್ಯ. ತಯಾರಿಯ ಖರ್ಚಿಗೆ ಪ್ರತಿ ತಂಡಕ್ಕೂ 15 ಲಕ್ಷ ಡಾಲರ್ ಕೊಡುವುದಾಗಿ ಫಿಫಾ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಆ ಹಣ ಕ್ಯಾಂಪ್ ಶುರುವಾಗುವ ಮೊದಲೇ ಕೈಸೇರಲಿ. ಅದು ಮೈದಾನಕ್ಕೆ, ವೈದ್ಯರಿಗೆ, ಫಿಸಿಯೊಗಳಿಗೆ, ಆಟಗಾರರ ಪ್ರಯಾಣಕ್ಕೆ ಹೋಯಿತೇ, ಪದಾಧಿಕಾರಿಗಳ ಪ್ರವಾಸಕ್ಕೆ ಹೋಯಿತೇ ಅಂತ ಲೆಕ್ಕ ಕೇಳಿ.

ಕ್ಲಬ್‌ಗಳ ಮಾತಿನಲ್ಲೂ ನ್ಯಾಯ ಇದೆ. ಸಂಬಳ ಕೊಡುವವರು ಅವರು. ಆಟಗಾರ ಗಾಯಗೊಂಡು ಬಂದರೆ ನಷ್ಟ ಅವರಿಗೇ. ಆದರೆ ಆಟಗಾರರನ್ನು ಬಿಟ್ಟುಕೊಡುವುದಕ್ಕೆ ಫಿಫಾ ಕ್ಲಬ್‌ಗಳಿಗೆ ಕತಾರ್ ವಿಶ್ವಕಪ್‌ನಲ್ಲಿ 20.9 ಕೋಟಿ ಡಾಲರ್ ಹಂಚಿದ್ದು, 2026ಕ್ಕೆ ಅದು 35.5 ಕೋಟಿ ಆಗಿದೆ. ಹಣ ಹೆಚ್ಚಾಗುವಾಗ ಬಿಡುವ ದಿನಗಳೂ ನಾಲ್ಕು ವಾರಕ್ಕೆ ಹೆಚ್ಚಾಗಬೇಕಿತ್ತು. ಕೊಡುವವರು ಯಾಕೆ ಕೇಳಲಿಲ್ಲ?

2026ರ ದಿನಾಂಕಗಳನ್ನು ಈಗ ಬದಲಿಸಲು ಆಗುವುದಿಲ್ಲ. ಆದರೆ ಈಗಲೂ ಆಗುವ ಕೆಲಸಗಳಿವೆ. ಪ್ರತಿ ಸಂಸ್ಥೆಯೂ 26 ಜನರ ಹೆಸರು ಪ್ರಕಟಿಸುವ ದಿನವೇ ಬೋನಸ್ ಒಪ್ಪಂದಕ್ಕೆ ಸಹಿ ಹಾಕಿ, ಅದನ್ನೂ ಜೊತೆಗೇ ಪ್ರಕಟಿಸಲಿ. ಒಪ್ಪಂದ ಇಲ್ಲದ ತಂಡ ಕ್ಯಾಂಪಿಗೆ ಹೊರಡುವ ಹಾಗಿಲ್ಲ ಅಂತ ಫಿಫಾ ಕಟ್ಟುನಿಟ್ಟು ಮಾಡಲಿ. ತಡವಾಗಿ ಕ್ಲಬ್ ಪಂದ್ಯ ಮುಗಿಸಿ ಬಂದವರನ್ನು ಹಣಕ್ಕಾಗಿ ಒಪ್ಪಿಕೊಂಡ ಸೌಹಾರ್ದ ಪಂದ್ಯಗಳಲ್ಲಿ ಆಡಿಸಬೇಡಿ. 2014ರಲ್ಲಿ ಜರ್ಮನಿಯ ಮಾರ್ಕೊ ರಾಯ್ಸ್ ಜೂನ್ 6ರಂದು ಅರ್ಮೇನಿಯಾ ಎದುರಿನ ಸೌಹಾರ್ದ ಪಂದ್ಯದಲ್ಲಿ ಗಾಯಗೊಂಡರು. ವಿಶ್ವಕಪ್‌ಗೆ ಒಂದು ವಾರವೂ ಉಳಿದಿರಲಿಲ್ಲ. ಜರ್ಮನಿ ಕಪ್ ಗೆದ್ದಿತು, ಅವರು ತಂಡದಲ್ಲಿರಲಿಲ್ಲ. ಮತ್ತೆ, ಕೋಚ್ ಜೊತೆ ಏನೇ ಮುನಿಸಿದ್ದರೂ ಟೂರ್ನಿ ಮುಗಿಯಲಿ. 2018ರಲ್ಲಿ ಸ್ಪೇನ್ ಮೊದಲ ಪಂದ್ಯಕ್ಕೆ ಎರಡು ದಿನ ಇರುವಾಗ ಕೋಚ್ ಹುಲೆನ್ ಲೊಪೆಟೆಗಿ ಅವರನ್ನು ತೆಗೆದುಹಾಕಿ ಎರಡು ವರ್ಷದ ಕೆಲಸವನ್ನು ನೀರಿಗೆ ಹಾಕಿತು.

2027ರ ಜೂನ್ 24ಕ್ಕೆ ಬ್ರೆಜಿಲ್‌ನಲ್ಲಿ ಮಹಿಳಾ ವಿಶ್ವಕಪ್ ಇದೆ. 2030ರಲ್ಲಿ ಪುರುಷರ ವಿಶ್ವಕಪ್‌ನ ಮೊದಲ ಮೂರು ಪಂದ್ಯ ದಕ್ಷಿಣ ಅಮೆರಿಕದಲ್ಲಿ, ಉಳಿದವು ಸ್ಪೇನ್, ಪೋರ್ಚುಗಲ್, ಮೊರಾಕ್ಕೊಗಳಲ್ಲಿ. ಅಂದರೆ ಆರು ತಂಡಗಳು ಒಂದು ಪಂದ್ಯ ಆಡಿ ಸಾಗರ ದಾಟಬೇಕು. ಈ ಎರಡು ಟೂರ್ನಿಗಳಿಗೆ ಕ್ಲಬ್ ಪಂದ್ಯ ಎಂದು ಮುಗಿಯುತ್ತದೆ, ಕ್ಯಾಂಪ್ ಎಂದು ಶುರುವಾಗುತ್ತದೆ ಎಂಬುದನ್ನು ಆಟಗಾರರ ಸಂಘವನ್ನು ಎದುರಿಗೆ ಕೂರಿಸಿಕೊಂಡು ಈಗಲೇ ಗೊತ್ತು ಮಾಡಿ. ನಾಲ್ಕು ವಾರ ಅಂತ ಬರೆಯಿರಿ. ಖಂಡಗಳ ಫೈನಲ್ ಆಡುವವರಿಗೂ ಅದೇ ನಾಲ್ಕು ವಾರ, ಆಫ್ರಿಕಾ ಕಪ್‌ಗೂ ಅದೇ ನಾಲ್ಕು ವಾರ. ಉತ್ತರ ಕೊಡುವಿರಾದರೆ ಈ ಪತ್ರದ ಹಾಗೆಯೇ ಎಲ್ಲರಿಗೂ ಕಾಣುವಂತೆ, ದಿನಾಂಕ ಸಮೇತ ಕೊಡಿ.

ಇಂತಿ,
ಒಬ್ಬ ಫುಟ್‌ಬಾಲ್ ಅಭಿಮಾನಿ